ಸಾವಿರದ ನಾನೂರು ತಲೆನೋವು

ಡಾಕ್ಟರಿಗೆ ಕುರ್ಚಿ, ರೋಗಿಗೆ ಬೆಂಚು, ನಡುವೆ ದೊಡ್ಡಕ್ಕನಿಗೆ ಒಂದು ಸ್ಟೂಲು. ಆ ಸ್ಟೂಲಿನ ಒಂದು ಕಾಲು ಗಿಡ್ಡ. ಅದರ ಅಡಿಗೆ ಮಡಚಿದ ಕಾಗದ ತುರುಕಿ ಅವಳು ಇಪ್ಪತ್ತನಾಲ್ಕು ವರ್ಷ ಕೂತಳು. ಆಸ್ಪತ್ರೆಯ ಕಾಗದಪತ್ರಗಳಲ್ಲಿ ಅವಳು ‘ದುಭಾಷಿ’. ಸಾಲುಮನೆಗಳಲ್ಲಿ ಮಾತ್ರ ಎಲ್ಲರಿಗೂ ದೊಡ್ಡಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಅದಕ್ಕೆ ಅವಳು ಒಳಗೊಳಗೇ ಉರಿದುಕೊಳ್ಳುತ್ತಿದ್ದಳು.

ಸಾಲುಮನೆಯವರೆಲ್ಲ ಮೊದಲು ಬೆಟ್ಟದ ಮೇಲಿದ್ದವರು. ಯಾರ ನೆನಪಿಗೂ ಸಿಗದ ಕಾಲದಿಂದ ಅಲ್ಲೇ ಇದ್ದ ಜನ. ದೊಡ್ಡಕ್ಕನಿಗೆ ಹತ್ತೊಂಬತ್ತಾಗಿದ್ದಾಗ ಬೆಟ್ಟಕ್ಕೆ ಬೇಲಿ ಬಿತ್ತು, ಕಲ್ಲಿನ ಗಣಿ ಬಂತು, ಜನರನ್ನು ಕೆಳಗಿಳಿಸಿ ಪಟ್ಟಣದ ಅಂಚಿನಲ್ಲಿ ಸಾಲಾಗಿ ಮನೆ ಕಟ್ಟಿಕೊಟ್ಟರು. ಎಲ್ಲ ಬಾಗಿಲುಗಳೂ ಒಂದೇ ದಿಕ್ಕಿಗೆ, ಎಲ್ಲದಕ್ಕೂ ಒಂದೇ ಬಣ್ಣ. ಮೊದಲ ವರ್ಷ ಗಂಡಸರು ದಿನಾ ಯಾರ್ಯಾರದೋ ಮನೆಗೆ ನುಗ್ಗಿ ಬೈಸಿಕೊಂಡದ್ದೇ ಬಂತು. ಅದನ್ನು ನೆನೆದು ಈಗಲೂ ನಗುತ್ತಾರೆ.

ನಗಲಾಗದ ಸಂಗತಿಯೂ ಒಂದಿತ್ತು. ಮಧ್ಯಾಹ್ನ ಮೂರು ಗಂಟೆ. ಬಿಸಿಲು ಗೋಡೆಗೆ ಬಡಿದು ನಿಂತಿರುತ್ತದೆ, ನಾಯಿಗಳು ಎದ್ದು ಜಾಗ ಬದಲಿಸಿ ಮತ್ತೆ ಮಲಗುತ್ತವೆ. ಆ ಹೊತ್ತಿಗೆ ಕೆಲವರಿಗೆ ಕರೆ ಕೇಳುತ್ತದೆ. ಹಿಂದಿನಿಂದ, ಯಾವಾಗಲೂ ಎಡಗಡೆಯಿಂದ. ಹೆಸರು ಹಿಡಿದೇ ಕರೆಯುತ್ತದೆ. ದನಿ ಪರಿಚಿತದ್ದೇ, ಆದರೆ ಯಾರದ್ದು ಅಂತ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಕೇಳಿದವರು ಒಬ್ಬರೇ ಇದ್ದು, ತಾವೇ ಓಗೊಟ್ಟರೆ, ಎದ್ದು ನಡೆದುಬಿಡುತ್ತಾರೆ. ಬೇಲಿಯವರೆಗೆ, ಒಮ್ಮೊಮ್ಮೆ ಗಣಿಯ ಗುಂಡಿಯವರೆಗೆ.

ಇದಕ್ಕೆ ಬೆಟ್ಟದ ಮೇಲೆ ಮದ್ದಿತ್ತು. ದೊಡ್ಡಕ್ಕನ ಸೋದರತ್ತೆಯೇ ಅದನ್ನು ನಡೆಸಿಕೊಡುತ್ತಿದ್ದಳು. ಕರೆ ಕೇಳುವವರನ್ನು ನಡುವೆ ಕೂರಿಸಿ ಐದು ಜನ ಸುತ್ತ ಕೂರುವುದು. ಕರೆ ಬಂದಾಗ ನಡುವಿನವರು ಒಂದು ಬೆರಳೆತ್ತುತ್ತಾರೆ. ಐದೂ ಜನ ಒಟ್ಟಿಗೇ ಹೇಳುತ್ತಾರೆ: “ಇಲ್ಲಿದ್ದಾರೆ, ನಮ್ಮ ಹತ್ತಿರ ಇದ್ದಾರೆ.” ಬೆರಳು ಇಳಿಯುತ್ತದೆ. ಹೀಗೆ ದಿನಾ, ತಿಂಗಳುಗಟ್ಟಲೆ, ಕರೆ ನಿಲ್ಲುವವರೆಗೆ. ಕಟ್ಟುನಿಟ್ಟು ಒಂದೇ. ಆ ಐವರಲ್ಲಿ ಯಾರಿಗೂ ಕರೆ ಕೇಳುತ್ತಿರಬಾರದು. ಕೇಳಿಸಿಕೊಂಡವರು ಓಗೊಟ್ಟರೆ ಕರೆಯುವುದಕ್ಕೆ ಒಳಗೆ ಬರುವ ದಾರಿ ತೋರಿಸಿದ ಹಾಗೆ.

ಕೆಳಗಿಳಿದ ಮೇಲೆ ಐದು ಜನ ಎಲ್ಲಿಂದ ತರುವುದು? ಮೂರು ಗಂಟೆಗೆ ಎಲ್ಲರೂ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ. ಹೊಟ್ಟೆಪಾಡು ಬಿಟ್ಟು ಯಾರು ಬಂದು ಕೂರುತ್ತಾರೆ?

ಹಾಗಾಗಿಯೇ ದೊಡ್ಡಕ್ಕ ಸ್ಟೂಲಿನ ಮೇಲೆ ಕೂತ ಮೊದಲ ತಿಂಗಳಲ್ಲಿ ಅವಳ ಸೋದರತ್ತೆಯ ಮಗ ಆಸ್ಪತ್ರೆಗೆ ಬಂದ. ಗಾರೆ ಕೆಲಸದವನು. ಅವನು ಎತ್ತಿದ ಗೋಡೆಗೆ ಮಟ್ಟಗೋಲು ಹಿಡಿದು ನೋಡುವುದೇ ಬೇಡ ಅನ್ನುತ್ತಿದ್ದರು. ಅವನಿಗೂ ದೊಡ್ಡಕ್ಕನಿಗೂ ಮದುವೆ ಮಾತಾಗಿತ್ತು. ಬೆಂಚಿನ ಮೇಲೆ ಕೂತು, ಅವಳನ್ನು ನೋಡಲು ನಾಚಿಕೊಂಡು, ಡಾಕ್ಟರ ಮುಖ ನೋಡುತ್ತ ಹೇಳಿದ: “ಮೂರು ಗಂಟೆಗೆ ಬೆಟ್ಟದ ಮೇಲಿನ ನಮ್ಮೂರು ನನ್ನ ಹೆಸರು ಕರೆಯುತ್ತೆ. ಒಂದಲ್ಲ ಒಂದು ದಿನ ಓ ಅಂದುಬಿಡ್ತೀನಿ. ಐದು ಜನ ಬೇಕು, ಅಷ್ಟೇ.”

ದೊಡ್ಡಕ್ಕ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು. ಕೆಲಸ ಹೊಸದು, ಒಂದಕ್ಷರ ತಪ್ಪಬಾರದು ಅಂತ ಕಿವಿ ನಿಮಿರಿಸಿಕೊಂಡು ಹೇಳಿದಳು. ಆಗಿದ್ದ ಹಳೆಯ ಡಾಕ್ಟರು ತಲೆಯಾಡಿಸಿ ಚೀಟಿ ಬರೆದರು. ಮಾರನೆಯ ದಿನ ಗಾಡಿ ಬಂತು. ದೂರದ ಹುಚ್ಚಾಸ್ಪತ್ರೆಯಲ್ಲಿ ಅವನಿಗೆ ಎರಡು ವರ್ಷವಾಯಿತು. ವಾಪಸು ಬಂದಾಗ ಕಾಗದದಲ್ಲಿ ‘ಈಗ ದನಿಗಳು ಕೇಳುವುದಿಲ್ಲ’ ಎಂದು ಬರೆದಿತ್ತು. ಸುಳ್ಳೇನಲ್ಲ. ಅವನಿಗೆ ತಾಯಿ ಕರೆದರೂ ಕೇಳುತ್ತಿರಲಿಲ್ಲ. ಅವತ್ತಿನಿಂದ ಗೋಡೆಗೆ ಮುಖ ಮಾಡಿ ಕೂತವನು ಹಾಗೇ ಕೂತಿದ್ದಾನೆ.

ಅತ್ತೆ ಬೈಯಲಿಲ್ಲ. “ಅವನು ಹೇಳಿದ್ದನ್ನೇ ನೀನು ಹೇಳಿದ್ದು” ಎಂದಳು, ಅಷ್ಟೇ. ಆದರೆ ಹುಟ್ಟಿದಾಗಿನಿಂದ “ಸೊಸೇ” ಎಂದು ಕರೆಯುತ್ತಿದ್ದವಳು ಆಮೇಲೆ ಎಲ್ಲರ ಹಾಗೆ “ದೊಡ್ಡಕ್ಕ” ಅನ್ನತೊಡಗಿದಳು. ಅದರ ಬದಲು ಕಪಾಳಕ್ಕೆ ಎರಡು ಬಿಟ್ಟಿದ್ದರೆ ವಾಸಿಯಿತ್ತು.

ಆ ಗಾಡಿ ಹೋದ ದಿನವೇ ದೊಡ್ಡಕ್ಕ ತೀರ್ಮಾನ ಮಾಡಿದ್ದಳು. ಇನ್ನು ಈ ಸ್ಟೂಲಿನ ಮೇಲಿಂದ ಒಬ್ಬರೂ ಆ ಗಾಡಿ ಹತ್ತಬಾರದು. ಕರೆ ಕೇಳುತ್ತದೆ ಎಂದು ಯಾರೇ ಬಂದು ಬೆಂಚಿನ ಮೇಲೆ ಕೂತು ಅತ್ತರೂ ಅವಳು ಡಾಕ್ಟರ ಕಡೆ ತಿರುಗಿ, ಮೇಜಿನ ಮೇಲಿನ ಗಾಜಿನ ಗುಂಡು ನೋಡುತ್ತ, “ತಲೆನೋವಂತೆ” ಅನ್ನುತ್ತಿದ್ದಳು. ಡಾಕ್ಟರು ತಲೆನೋವಿನ ಮಾತ್ರೆ ಬರೆಯುತ್ತಿದ್ದರು. ದೊಡ್ಡಕ್ಕ ರೋಗಿಯನ್ನು ಬಾಗಿಲವರೆಗೆ ಬಿಡುವ ನೆಪದಲ್ಲಿ “ಅತ್ತೆ ಹತ್ತಿರ ಹೋಗು, ಸಿಕ್ಕಷ್ಟು ಜನ ಸೇರಿಸ್ತಾಳೆ” ಎಂದು ಪಿಸುಗುಡುತ್ತಿದ್ದಳು. ಡಾಕ್ಟರುಗಳು ಬಂದರು, ಹೋದರು. ತಲೆನೋವು ಮಾತ್ರ ಬದಲಾಗಲಿಲ್ಲ.

ನಾಲ್ಕು ವರ್ಷದ ಹಿಂದೆ ಬಂದ ಡಾಕ್ಟರಮ್ಮ ಚುರುಕು. ಅತ್ತೆಯ ಮನೆಗೆ ಹೋಗಿ ಬಂದವರ ಮುಖದಲ್ಲಿ ಕಳೆ ಬರುವುದನ್ನು ಅವಳೇ ಗಮನಿಸಿ, ಕೇಳಿ ತಿಳಿದುಕೊಂಡು, ಎಲ್ಲೆಲ್ಲಿಗೋ ಅರ್ಜಿ ಹಾಕಿದಳು. ಆ ಜನರ ಮನಸ್ಸಿಗೆ ಆ ಜನರ ರೀತಿಯಲ್ಲೇ ಆರೈಕೆ ಆಗಲಿ, ಅದಕ್ಕೂ ಅನುದಾನ ಕೊಡಿ ಎಂದು ಬರೆದಳು. ಏನಾಶ್ಚರ್ಯವೋ, ಬಂದೂ ಬಂತು. ಐದು ಜನಕ್ಕೆ ಮಧ್ಯಾಹ್ನದ ಕೂಲಿ, ಒಂದು ಹಳೆಯ ಉಗ್ರಾಣದ ಕೋಣೆ, ಆರು ಚಾಪೆ, ಒಂದು ಗೋಡೆ ಗಡಿಯಾರ. ಅತ್ತೆ ಮೇಲ್ವಿಚಾರಕಿ. ಹೊತ್ತಿಗೆ ಸರಿಯಾಗಿ ಐದು ಜನ ಕೂರತೊಡಗಿದರು, ಅವರಲ್ಲಿ ಅತ್ತೆಯೂ ಇದ್ದಳು, ದೊಡ್ಡಕ್ಕನೂ ಇದ್ದಳು. ಎರಡು ವರ್ಷದಲ್ಲಿ ಮೂವತ್ತೊಂದು ಜನ ಗುಣವಾಗಿ ಎದ್ದು ಹೋದರು.

ಆಮೇಲೆ ಏನೋ ಕೆಟ್ಟಿತು. ಹೇಳಿದರೂ ಬೆರಳು ತಟ್ಟನೆ ಇಳಿಯುತ್ತಿರಲಿಲ್ಲ. ಅತ್ತೆ ಕೋಣೆ ತೊಳೆಸಿದಳು, ಚಾಪೆ ಬದಲಾಯಿಸಿದಳು, ಗಡಿಯಾರ ತೆಗೆಸಿ ಮತ್ತೆ ಹಾಕಿಸಿದಳು. ಯಾವುದೂ ನಾಟಲಿಲ್ಲ.

ಕಾರಣ ಗೊತ್ತಿದ್ದವಳು ದೊಡ್ಡಕ್ಕ ಒಬ್ಬಳೇ. ಹನ್ನೊಂದು ತಿಂಗಳಿಂದ ಅವಳಿಗೂ ಕೇಳುತ್ತಿತ್ತು. ಅದೂ ವಿಚಿತ್ರವಾಗಿ. ಅವಳ ಹೆಸರನ್ನು ಅದು ಒಂದು ದಿನವೂ ಕರೆಯಲಿಲ್ಲ. ಬೆಂಚಿನ ಮೇಲೆ ಕೂತು ಹೋದವರ ಹೆಸರುಗಳನ್ನು ಕರೆಯುತ್ತಿತ್ತು. ಹೆಂಚು ಹೊರುತ್ತಿದ್ದವಳ ಹೆಸರು, ಕಾರ್ಖಾನೆಯ ಕಾವಲುಗಾರನ ಹೆಸರು, ಒಂಬತ್ತು ವರ್ಷದ ಹಿಂದೆ ಸತ್ತ ಸೂಲಗಿತ್ತಿಯ ಹೆಸರು. ಒಂದಾದ ಮೇಲೊಂದು, ಆತುರವಿಲ್ಲದೆ, ಹಾಜರಿ ಕೂಗಿದ ಹಾಗೆ. ಅವರು ಅವಳ ಕೈಗೆ ಕೊಟ್ಟಿದ್ದ ಮಾತುಗಳನ್ನು ಅವಳು ಮುಟ್ಟಿಸಿರಲಿಲ್ಲ. ಅವೆಲ್ಲ ಅವಳಲ್ಲೇ ಉಳಿದಿದ್ದವು. ಎಲ್ಲಿ ಉಳಿದಿವೆ ಎಂದು ಕರೆಯುವುದಕ್ಕೂ ಗೊತ್ತಿತ್ತು.

ಅವಳು ಎದ್ದು ಹೋದರೆ ನಾಲ್ಕೇ ಜನ ಉಳಿಯುತ್ತಾರೆ, ಕಾರ್ಖಾನೆ ಬಿಟ್ಟು ಬರುವ ಇನ್ನೊಬ್ಬರು ಸಿಗುವುದಿಲ್ಲ, ಕೋಣೆ ಮುಚ್ಚಬೇಕಾಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಇವತ್ತು ನಾಳೆ ನಿಂತೀತು ಎಂದುಕೊಂಡಳು. ಅಷ್ಟರಲ್ಲಿ ಅವಳ ಸ್ವಂತ ತಂಗಿಗೇ ಕೇಳತೊಡಗಿತು.

ತಂಗಿ ಚಿಕ್ಕವಳು, ಮೂವತ್ತೆರಡು. ಕಾರ್ಖಾನೆಯ ಕಚೇರಿಯಲ್ಲಿ ಓದು ಬರಹದ ಕೆಲಸ, ಬಾಯಿ ಬಜಾರು. ಒಂದು ಮಧ್ಯಾಹ್ನ ಗಣಿಯ ಬೇಲಿಯ ಹತ್ತಿರ ಸಿಕ್ಕಳು. ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರೂ ಇಲ್ಲದ ಬೆಟ್ಟದ ಕಡೆ ನೋಡಿ ನಗುತ್ತ, “ಬಂದೆ, ಬಂದೆ, ಇರಿ” ಅನ್ನುತ್ತಿದ್ದಳು. ಅಂಗೈಯಿಂದ ರಕ್ತ ಇಳಿಯುತ್ತಿತ್ತು, ಅದರ ಪರಿವೆಯೇ ಇಲ್ಲ. ಎಂಟು ತಿಂಗಳಿಂದ ಅವಳನ್ನು ನಡುವೆ ಕೂರಿಸುತ್ತಿದ್ದರು. ದಿನದಿಂದ ದಿನಕ್ಕೆ ಅವಳು ಕೃಶಳಾಗುತ್ತಿದ್ದಳು. ಕೋಣೆ ಮುಚ್ಚಿದರೆ ಅವಳಿಗೆ ಉಳಿದದ್ದು ಆ ಗಾಡಿಯೇ. ಡಾಕ್ಟರಮ್ಮ ಕಣ್ಣು ತಪ್ಪಿಸಿ ಅದನ್ನು ಒಮ್ಮೆ ಹೇಳಿಯೂ ಬಿಟ್ಟಿದ್ದಳು.

ಇಂಥ ಹೊತ್ತಿನಲ್ಲಿ ಅನುದಾನ ಮುಂದುವರಿಸಬೇಕೋ ಬೇಡವೋ ನೋಡಲು ತಪಾಸಣೆಯ ಸಾಹೇಬರು ಬಂದರು. ಗುಂಡಿ ಬಿದ್ದ ಘಾಟಿಯ ರಸ್ತೆಯಲ್ಲಿ ಕುಲುಕಿಸಿಕೊಂಡು ಎರಡೂವರೆಗೆ ಉಗ್ರಾಣದ ಕೋಣೆಗೆ ಬಂದು, ಕರವಸ್ತ್ರದಿಂದ ಕುರ್ಚಿ ಒರೆಸಿ ಕೂತು, ಕಡತ ಬಿಚ್ಚಿದರು. ಕೆಟ್ಟವರೇನಲ್ಲ. ಕಾಗದದಲ್ಲಿ ಇದ್ದದ್ದನ್ನು ನಂಬುವ ಜಾತಿ.

“ಡಾಕ್ಟ್ರೇ, ಇಪ್ಪತ್ತನಾಲ್ಕು ವರ್ಷದ ಚೀಟಿ ಎಲ್ಲಾ ತರಿಸಿ ನೋಡ್ದೆ. ಕರೆ ಕೇಳುತ್ತೆ ಅಂತ ನೀವು ಅರ್ಜೀಲಿ ಬರೆದಿದ್ದೀರಿ. ಈ ಸಾಲುಮನೆಗಳಿಂದ ಅಂಥ ದೂರು ಬಂದಿರೋದು ಒಂದೇ ಒಂದು. ಅದೂ ಮೊದಲನೇ ವರ್ಷ. ಉಳಿದದ್ದೆಲ್ಲ ತಲೆನೋವು. ಸಾವಿರದ ನಾನೂರು ತಲೆನೋವು ಮೇಡಂ!”

ಡಾಕ್ಟರಮ್ಮ ತಬ್ಬಿಬ್ಬಾಗಿ ದೊಡ್ಡಕ್ಕನ ಕಡೆ ನೋಡಿದಳು.

“ಇಷ್ಟು ಜನಕ್ಕೆ ತಲೆನೋವು ಅಂದ್ರೆ ಕಣ್ಣಿಂದೇ ತೊಂದರೆ ಇರಬೇಕು,” ಸಾಹೇಬರು ಕಳಕಳಿಯಿಂದಲೇ ಹೇಳಿದರು. “ಈ ದುಡ್ಡಲ್ಲಿ ಎಲ್ಲರಿಗೂ ಕನ್ನಡಕ ಕೊಡಿಸಬಹುದು. ನಾನು ಹಾಗೇ ಶಿಫಾರಸು ಮಾಡೋಣ ಅಂತಿದ್ದೀನಿ.”

ದೊಡ್ಡಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರನ್ನೂ ಗಾಡಿ ಹತ್ತಿಸಬಾರದು ಎಂದು ತಾನು ಕಟ್ಟಿದ ಸುಳ್ಳೇ ಈಗ ತಂಗಿಗೆ ಗಾಡಿ ಕರೆಸುತ್ತಿದೆ.

ಮೂರಕ್ಕೆ ಐದು ನಿಮಿಷವಿತ್ತು. ಅತ್ತೆ ಎಲ್ಲರನ್ನೂ ಕೂರಿಸಿದಳು. ತಂಗಿ ನಡುವಿನ ಚಾಪೆಯಲ್ಲಿ, ಸುತ್ತ ಐವರು. ಹೊರಗೆ ನಾಯಿಗಳು ಎದ್ದ ಸದ್ದು, ಮತ್ತೆ ಮಲಗಿದ ಸದ್ದು. ಗಡಿಯಾರದ ಮುಳ್ಳಿನ ಸಪ್ಪಳ ಬಿಟ್ಟರೆ ಏನೂ ಇಲ್ಲ. ತಂಗಿಯ ಬೆರಳು ಮೇಲೆದ್ದಿತು. ಅದೇ ಕ್ಷಣ ದೊಡ್ಡಕ್ಕನ ಎಡಗಿವಿಯ ಹಿಂದೆ ಯಾರೋ ತಂಗಿಯ ಹೆಸರನ್ನು ಮೆಲ್ಲಗೆ, ಮುದ್ದಿನಿಂದ ಕರೆದರು.

“ಇಲ್ಲಿದ್ದಾಳೆ, ನಮ್ಮ ಹತ್ತಿರ ಇದ್ದಾಳೆ,” ಎಂದರು ಐವರು.

ಬೆರಳು ಇಳಿಯಲಿಲ್ಲ. ಮತ್ತೆ ಹೇಳಿದರು. ಇಳಿಯಲಿಲ್ಲ. ತಂಗಿ ಮೆಲ್ಲಗೆ ಬಾಗಿಲ ಕಡೆ ತಿರುಗತೊಡಗಿದಳು. ಅವಳ ತುಟಿಯ ಮೇಲೆ ಆ ಬೇಲಿಯ ಹತ್ತಿರದ ನಗು ಮೂಡುತ್ತಿತ್ತು. ಸಾಹೇಬರು ‘ಪರಿಣಾಮ ಕಾಣಲಿಲ್ಲ’ ಎಂದು ಬರೆಯುವ ಸದ್ದು ದೊಡ್ಡಕ್ಕನಿಗೆ ಕೇಳಿತು.

ಅವಳು ಎದ್ದಳು. ತನ್ನ ಚಾಪೆ ಬಿಟ್ಟು ನಡುವೆ ಹೋಗಿ ತಂಗಿಯ ಪಕ್ಕ ಕೂತು, ತಾನೂ ಬೆರಳೆತ್ತಿದಳು.

ಅತ್ತೆ ಕೇಳಿದಳು: “ಯಾವಾಗಿಂದ?”

“ಹನ್ನೊಂದು ತಿಂಗಳಾಯ್ತು ಅತ್ತೆ.”

ಅತ್ತೆಯ ಮುಖ ಕಪ್ಪಿಟ್ಟಿತು. ಆದರೆ ಬೈಯುವ ಹೊತ್ತು ಅದಲ್ಲ. ಖಾಲಿ ಚಾಪೆ ನೋಡಿದಳು, ಕುರ್ಚಿಯ ಕಡೆ ನೋಡಿದಳು. ಡಾಕ್ಟರಮ್ಮನಿಗೆ ಈಚೆಗೆ ಅವರ ಭಾಷೆ ಅಷ್ಟಿಷ್ಟು ಬರುತ್ತಿತ್ತು, ಅತ್ತೆ ಅವಳಿಗೇ ಹೇಳಿದಳು: “ಸಾಹೇಬ್ರಿಗೆ ಏನಾದ್ರೂ ಕೇಳ್ತಿದೆಯಾ ಕೇಳಮ್ಮ. ಇಲ್ಲ ಅಂದ್ರೆ ಬಂದು ಇಲ್ಲಿ ಕೂತ್ಕೊಳ್ಳಲಿ.”

ಸಾಹೇಬರು ಗಾಬರಿಯಾದರು. ತಮಗೇನೂ ಕೇಳುತ್ತಿಲ್ಲ, ತಾವು ಇಲ್ಲಿ ಬರೀ ನೋಡಲು ಬಂದವರು ಎಂದರು. ಡಾಕ್ಟರಮ್ಮ ಜಾಣೆ. “ನಿಯಮದ ಪ್ರಕಾರ ಐದು ಜನ ಇಲ್ಲದಿದ್ರೆ ಇವತ್ತಿನ ತಪಾಸಣೆ ಲೆಕ್ಕಕ್ಕಿಲ್ಲ ಸರ್. ಆ ರಸ್ತೇಲಿ ನೀವು ಮತ್ತೆ ಬರಬೇಕಾಗುತ್ತೆ,” ಎಂದಳು. ಆ ರಸ್ತೆಯ ನೆನಪಾದದ್ದೇ ತಡ, ಸಾಹೇಬರು ಬೂಟು ಕಳಚಿ ಚಾಪೆಯ ಮೇಲೆ ಮಂಡಿ ಮಡಚಿದರು.

“ಯಾವ ಭಾಷೇಲಿ ಹೇಳಬೇಕು?”

“ನಿಮ್ಮ ಭಾಷೇಲೇ ಹೇಳಿ. ಮನಸಿಟ್ಟು ಹೇಳಿ,” ಎಂದಳು ಅತ್ತೆ, ಡಾಕ್ಟರಮ್ಮನ ಬಾಯಿಯಿಂದ.

“ಇಲ್ಲಿದ್ದಾರೆ, ನಮ್ಮ ಹತ್ತಿರ ಇದ್ದಾರೆ,” ಎಂದರು ಐವರು. ಸಾಹೇಬರ ದನಿ ಒಡಕಾಗಿ, ಎಲ್ಲರಿಗಿಂತ ಜೋರಾಗಿ ಬಂತು.

ತಂಗಿಯ ಬೆರಳು ಇಳಿಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಹೆಗಲು ಸಡಿಲವಾಯಿತು. ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆಹೋದಳು. ಸಾಹೇಬರು ತಮ್ಮ ತೋಳು ನೋಡಿಕೊಂಡರು. ರೋಮ ಎದ್ದು ನಿಂತಿತ್ತು. ಅದನ್ನು ಬರೆಯುವ ಖಾನೆ ಅವರ ನಮೂನೆಯಲ್ಲಿ ಇರಲಿಲ್ಲ.

ಆಗ ದೊಡ್ಡಕ್ಕ ತಲೆನೋವಿನ ಕತೆಯನ್ನೆಲ್ಲ ಹೇಳಿದಳು. ಡಾಕ್ಟರಮ್ಮನಿಗೆ ಕಣ್ಣು ತುಂಬಿತು. “ನನಗಾದ್ರೂ ಹೇಳಬಹುದಿತ್ತು.”

“ಗಾಡಿ ಕರೆಸೋ ಚೀಟಿ ನಿಮ್ಮ ಮೇಜಲ್ಲೂ ಇತ್ತಲ್ಲಮ್ಮ,” ಎಂದಳು ದೊಡ್ಡಕ್ಕ.

ಸಾಹೇಬರು ಬೂಟು ಹಾಕಿಕೊಳ್ಳುತ್ತ ಹೇಳಿದರು: “ಯಾರ್ಯಾರು ಏನು ಹೇಳಿದ್ರು ಅಂತ ಬರೆದು ಕೊಡಿ. ಅದೇ ಸಾಕ್ಷಿ. ಆದ್ರೆ ಬರೆದು ಕೊಟ್ಟ ಮೇಲೆ ನಿಮ್ಮ ಕೆಲಸ ಉಳಿಯಲ್ಲ, ನೋಡಿ.”

“ಹೋಗ್ಲಿ ಬಿಡಿ ಸಾರ್,” ಎಂದಳು ಅವಳು.

ದಾಖಲೆಯ ಕೋಣೆಯಲ್ಲಿ ಹದಿನೇಳು ದಿನ ಕೂತರು. ದೊಡ್ಡಕ್ಕ ಒಂದೊಂದೇ ಚೀಟಿ ಎತ್ತಿ, ಹೆಸರು ನೋಡಿ, ಕಣ್ಣು ಮುಚ್ಚಿ, ಆ ಮನುಷ್ಯ ಅವತ್ತು ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತಿದ್ದಳು. ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದಳು. ಒಂದು ಮಾತೂ ಮರೆತಿರಲಿಲ್ಲ. ಐವತ್ತು ಅರವತ್ತು ನಿಜವಾದ ತಲೆನೋವೂ ಇದ್ದವು, ಅವನ್ನು ಪ್ರಾಮಾಣಿಕವಾಗಿ ಬೇರೆ ಇಟ್ಟಳು. ಇವತ್ತು ಹೇಳಿ ಮುಗಿಸಿದವರ ಹೆಸರುಗಳು ನಾಳೆ ಮೂರು ಗಂಟೆಗೆ ಕೇಳುತ್ತಿರಲಿಲ್ಲ. ಸೂಲಗಿತ್ತಿಯ ಚೀಟಿ ಮುಗಿದಾಗ ಅವರ ಬೆನ್ನ ಹಿಂದೆ ಯಾರೋ ಉದ್ದವಾಗಿ ಉಸಿರು ಬಿಟ್ಟರು.

ಡಾಕ್ಟರಮ್ಮ ತಲೆಯೆತ್ತಿದಳು. “ಕಿಟಕಿ ತೆಗೆದಿದೆಯಾ?”

ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ದೊಡ್ಡಕ್ಕ ಮುಂದಿನ ಚೀಟಿ ಎತ್ತಿಕೊಂಡಳು.

ಎರಡು ತಿಂಗಳಿಗೆ ಎರಡು ಕಾಗದ ಬಂದವು. ಅನುದಾನ ಐದು ವರ್ಷಕ್ಕೆ ಮುಂದುವರಿದಿತ್ತು. ದುಭಾಷಿಯನ್ನು ತಪ್ಪು ದಾಖಲೆಗಾಗಿ ಕೆಲಸದಿಂದ ತೆಗೆದಿದ್ದರು. ಐದನೆಯ ಚಾಪೆಗೆ ಆಸ್ಪತ್ರೆಯ ಬಟ್ಟೆ ಒಗೆಯುವವನು ಬಂದ. ಬೆಟ್ಟದ ಜನವಲ್ಲ, ಆದರೆ ಬಂಡೆಯಂಥ ಕಿವಿ, ಅತ್ತೆಗೆ ಅಷ್ಟು ಸಾಕಾಯಿತು. ವರ್ಷ ತುಂಬುವುದರೊಳಗೆ ತಂಗಿ ಗುಣವಾದಳು. ಬಾಯಿ ಮತ್ತೆ ಬಜಾರಾಯಿತು, ಅವಳನ್ನೇ ಸ್ಟೂಲಿನ ಮೇಲೆ ಕೂರಿಸಿದರು. ಹೋದ ಮೊದಲ ದಿನವೇ ಬಡಗಿಯನ್ನು ಕರೆಸಿ ಆ ಗಿಡ್ಡ ಕಾಲು ಸರಿಮಾಡಿಸಿದಳು. ಇಷ್ಟು ವರ್ಷ ಇವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಎಲ್ಲರೂ ನಕ್ಕರು.

ದೊಡ್ಡಕ್ಕನೂ ನಕ್ಕಳು. ಆದರೆ ಅವಳು ಇನ್ನೂ ನಡುವಿನ ಚಾಪೆಯಲ್ಲೇ ಕೂರುತ್ತಿದ್ದಳು. ಎಲ್ಲ ಹೆಸರುಗಳೂ ನಿಂತಿದ್ದವು, ಒಂದು ಬಿಟ್ಟು. ಐವರು ಎಷ್ಟು ಹೇಳಿದರೂ ಅದು ಮಾತ್ರ ಮಾರನೆಯ ದಿನ ಮತ್ತೆ ಬರುತ್ತಿತ್ತು. ಅತ್ತೆಯ ಮಗನ ಮಾತನ್ನು ಅವಳು ಮುಚ್ಚಿಟ್ಟಿರಲಿಲ್ಲ, ಒಂದಕ್ಷರ ಬಿಡದೆ ಮುಟ್ಟಿಸಿದ್ದಳು. ಕೇಳಿಸಿಕೊಂಡ ಡಾಕ್ಟರು ಚೀಟಿ ಬರೆದರು. ಓಗೊಟ್ಟವರು ಯಾರೂ ಇರಲಿಲ್ಲ.

ಒಂದು ದಿನ ಅವಳು ಅತ್ತೆಯ ಮನೆಗೆ ಹೋದಳು. ಗಾರೆಯವನು ಗೋಡೆಗೆ ಮುಖ ಮಾಡಿ ಕೂತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು.

“ಭಾವನ್ನ ನಡುವೆ ಕೂರಿಸೋಣ ಅತ್ತೆ.”

“ಅವನಿಗೇನು ಕೇಳುತ್ತೆ? ಕಿವಿ ಪಕ್ಕ ತಟ್ಟೆ ಬಿದ್ರೂ ತಿರುಗಲ್ಲ. ಬೆರಳೆತ್ತೋದು ಯಾರು?”

“ಅವನ ಹೆಸರು ನನಗೆ ಕೇಳ್ತಾ ಇದೆ. ನಾನು ಎತ್ತುತ್ತೀನಿ.”

ಅತ್ತೆ ಎದ್ದು ಮಗನಿಗೆ ಬೇರೆ ಅಂಗಿ ತೊಡಿಸಿದಳು.

ಉಗ್ರಾಣದ ಕೋಣೆಯಲ್ಲಿ ಅವನನ್ನು ನಡುವೆ ಕೂರಿಸಿದರು. ದೊಡ್ಡಕ್ಕ ಪಕ್ಕದಲ್ಲಿ ಕೂತು ಅವನ ಬಲಗೈ ಹಿಡಿದುಕೊಂಡಳು. ಮದುವೆ ಮಾತಾದ ಮೇಲೆ ಆ ಕೈಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಸುಣ್ಣ ಗಾರೆಯ ಬಿರುಕುಗಳು ಅಂಗೈಯಲ್ಲಿ ಇನ್ನೂ ಹಾಗೇ ಇದ್ದವು. ನಾಯಿಗಳು ಎದ್ದು ಮಲಗಿದವು. ಎಡಗಡೆಯಿಂದ ಕರೆ ಬಂತು, ಅವನ ಹೆಸರು ಹಿಡಿದು. ಅವಳು ಅವನ ತೋರುಬೆರಳನ್ನು ತನ್ನ ಬೆರಳುಗಳಿಂದ ಮೇಲೆತ್ತಿದಳು.

ಐವರು ಬಾಯಿ ತೆರೆಯಲಿಲ್ಲ. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಏನಾಯಿತೆಂದು ತಿಳಿಯದೆ ದೊಡ್ಡಕ್ಕ ಅತ್ತೆಯ ಮುಖ ನೋಡಿದಳು.

“ಕೈ ಬಿಡು ಸೊಸೇ,” ಎಂದಳು ಅತ್ತೆ. “ನೀನು ಎತ್ತೋಕೆ ಮುಂಚೇನೇ ಅವನೇ ಬೆರಳೆತ್ತಿದ್ದ.”

ದೊಡ್ಡಕ್ಕ ಕೈ ಬಿಟ್ಟಳು. ಬೆರಳು ಮೇಲೆಯೇ ಇತ್ತು. ಇಷ್ಟು ವರ್ಷವೂ ಅವನಿಗೆ ಅದೊಂದೇ ಕೇಳುತ್ತಿತ್ತು.

“ಇಲ್ಲಿದ್ದಾನೆ,” ಎಂದಳು ಅತ್ತೆ, ಉಳಿದವರಿಗೆ ಕಾಯದೆ. “ನಮ್ಮ ಹತ್ತಿರ ಇದ್ದಾನೆ.”